ಹೋಲಿಕೆ ಕಟ್ಟುವವರ ಹೊಣೆ

1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ನಿರಾಶ್ರಿತರು ಭಾರತಕ್ಕೆ ಬರುತ್ತಿದ್ದಾಗ ಆಸ್ಟ್ರೇಲಿಯಾದ ತರುಣ ತತ್ತ್ವಜ್ಞಾನಿ ಪೀಟರ್ ಸಿಂಗರ್ ಒಂದು ಪ್ರಬಂಧ ಬರೆದರು. ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದೆ. ಇಳಿದರೆ ನಿಮ್ಮ ಬಟ್ಟೆ ಕೆಸರಾದೀತು, ಅಷ್ಟೆ. ಸುಮ್ಮನೆ ದಾಟಿ ಹೋಗುತ್ತೀರಾ? ಇಲ್ಲವೆಂದಾದರೆ, ದೂರದಲ್ಲಿ ಹಸಿದು ಸಾಯುವವರನ್ನು ಕಂಡೂ ಸುಮ್ಮನಿರುವುದು ಹೇಗೆ ಸರಿ?

1974ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಇನ್ನೊಂದು ಚಿತ್ರ ಮುಂದಿಟ್ಟರು. 60 ಜನ ಹಿಡಿಯುವ ದೋಣಿಯಲ್ಲಿ 50 ಜನ ಇದ್ದಾರೆ. ಸುತ್ತ ನೀರಿನಲ್ಲಿ 100 ಜನ. ಎಲ್ಲರನ್ನೂ ಹತ್ತಿಸಿಕೊಂಡರೆ ಎಲ್ಲರೂ ಮುಳುಗುತ್ತಾರೆ. ದೋಣಿಯೆಂದರೆ ಶ್ರೀಮಂತ ದೇಶ, ಆದ್ದರಿಂದ ಬಡ ದೇಶಗಳಿಗೆ ನೆರವು ಬೇಡ ಎಂಬುದು ಹಾರ್ಡಿನ್ ವಾದ. ಅವರು ಕೊಟ್ಟ ಉದಾಹರಣೆಗಳಲ್ಲಿ ಭಾರತವೂ ಇತ್ತು.

ಎರಡೂ ನೀರಿನ ಕತೆಗಳೇ, ತೀರ್ಪು ಮಾತ್ರ ಉತ್ತರ ದಕ್ಷಿಣ. ವಾದ ಶುರುವಾಗುವ ಮೊದಲೇ ಚಿತ್ರ ನಮ್ಮನ್ನು ಒಂದು ಕಡೆಗೆ ವಾಲಿಸಿರುತ್ತದೆ. ಕೊಳದಲ್ಲಿರುವುದು ಒಂದೇ ಮಗು. ನಾಳೆ ಇನ್ನೊಂದು ಬೀಳದಂತೆ ಬೇಲಿ ಹಾಕಿಸಬೇಕಾದವರು ಯಾರೂ ಆ ಚಿತ್ರದಲ್ಲಿಲ್ಲ. ದೋಣಿಯ ಕತೆಯಲ್ಲಂತೂ ನೀರಿನಲ್ಲಿರುವವರಿಗೆ ಹೊಲವಿಲ್ಲ, ನೇಗಿಲಿಲ್ಲ. ಕೈ ಚಾಚುವುದೊಂದೇ ಅವರ ಕೆಲಸ. ಅಂದು 60 ಕೋಟಿಯಷ್ಟಿದ್ದ ಭಾರತದ ಜನಸಂಖ್ಯೆ ಈಗ 140 ಕೋಟಿ ದಾಟಿದೆ. ಅಕ್ಕಿ ರಫ್ತಿನಲ್ಲಿ ಈ ದೇಶ ಜಗತ್ತಿಗೇ ಮುಂದಿದೆ. ಮುಳುಗುವವರ ಪಟ್ಟಿಗೆ ಸೇರಿದ್ದವರ ನಡುವೆ ಬೆಳೆ ತೆಗೆಯುವವರೂ ಇದ್ದರು.

ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯಿದೆ ಎನ್ನುವವನು ಅಡುಗೆಮನೆಯ ಉದಾಹರಣೆ ಕೊಟ್ಟರೆ ಸಾಲದು, 'ಈ ಬೆಟ್ಟವೂ ಹಾಗೆಯೇ' ಎಂದು ಹೊಂದಿಸಿ ತೋರಿಸಬೇಕು ಎಂದರು ನಮ್ಮ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು. ಅನುಮಾನದ, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕದ, ಐದು ಅವಯವಗಳಲ್ಲಿ ಅದಕ್ಕೆ ಉಪನಯವೆಂದು ಹೆಸರು. ನೀತಿಯ ಚರ್ಚೆಯಲ್ಲಿ ನಾವು ಹಾರಿ ದಾಟುವುದು ಈ ಮೆಟ್ಟಿಲನ್ನೇ. ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುತ್ತದೆ ಎಂದು ಪುಂಡ ಹುಡುಗನ ಕೈಗೆ ಟಿ.ಸಿ. ಕೊಟ್ಟು ಕಳಿಸುತ್ತೇವೆ. ಕೊಳೆತ ಹಣ್ಣು ಮತ್ತೆ ಸರಿಹೋಗದು, ಹುಡುಗ ಸರಿಹೋದಾನು ಎಂಬ ವ್ಯತ್ಯಾಸ ಆಗ ಯಾರಿಗೂ ಬೇಕಿರುವುದಿಲ್ಲ.

ಹಾಗೆಂದು ಹೋಲಿಕೆಗಳನ್ನು ಬಿಟ್ಟುಕೊಡಲಾಗದು. ಕಾಣದವರ ಕಷ್ಟ ಮನಸ್ಸಿಗೆ ನಾಟುವುದು ಬಹುಪಾಲು ಅವುಗಳಿಂದಲೇ. ಆದರೆ ಹೋಲಿಕೆ ಕಟ್ಟಿದವರೇ ಅದು ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಯಾರನ್ನು ಹಣ್ಣು ಎಂದೆವೋ, ಯಾರನ್ನು ನೀರಿನಲ್ಲಿ ಬಿಟ್ಟೆವೋ ಅವರ ಎದುರಿಗೆ ನಿಂತು ಅದೇ ಮಾತು ಆಡಲು ಬಾಯಿ ಬಾರದಿದ್ದರೆ, ಹೋಲಿಕೆಯನ್ನು ಬದಿಗಿಟ್ಟು ಅವರ ಸಂಗತಿಯನ್ನೇ ನೇರವಾಗಿ ವಿಚಾರಿಸುವುದು ಮೇಲು.