ಮೊಣಕೈ ಕೊಡ್ರಿ

ರೋಣದ ಬಸ್ ನಿಲ್ದಾಣದಲ್ಲಿ ನಾನು ಒಂದು ಪಾಠ ಕಲಿತೆ. ಹೊಳೆಆಲೂರು ಕಡೆ ಹೋಗುವ ಬಸ್ಸು ಬಂದು ನಿಂತಿತ್ತು. ಕಂಬಕ್ಕೆ ಆತು ನಿಂತಿದ್ದ ಹುಡುಗನೊಬ್ಬನ ಕೈಯಲ್ಲಿ ಬಿಳಿ ಕೋಲು, ಹೆಗಲಿಗೆ ಚೀಲ. ದೊಡ್ಡ ಉಪಕಾರ ಮಾಡುವವನ ಗತ್ತಿನಲ್ಲಿ ಹೋಗಿ ಅವನ ರಟ್ಟೆ ಹಿಡಿದೆ, ಬಸ್ಸಿನ ಬಾಗಿಲಿನತ್ತ ಜಗ್ಗಿದೆ. ಅವನು ಗಟ್ಟಿಯಾಗಿ ನಿಂತುಬಿಟ್ಟ.

‘ಸರ, ಹಿಂಗ ಎಳೀಬ್ಯಾಡ್ರಿ, ಮುಗ್ಗರಿಸ್ತೀನಿ. ನಿಮ್ಮ ಮೊಣಕೈ ಕೊಡ್ರಿ, ನಾನ ಹಿಡಕೋತೀನಿ. ನೀವು ಅರ್ಧ ಹೆಜ್ಜಿ ಮುಂದ ನಡೀರಿ, ಸಾಕು.’

ಕೊಟ್ಟೆ. ಮೊಣಕೈಯ ಮೇಲ್ಭಾಗವನ್ನು ನಾಲ್ಕು ಬೆರಳಿನಿಂದ ಹಗುರಾಗಿ ಹಿಡಿದ. ನಾನು ಮೆಟ್ಟಿಲು ಏರಿದ್ದು ನನ್ನ ತೋಳು ಏರಿದ್ದರಿಂದಲೇ ಅವನಿಗೆ ಗೊತ್ತಾಯಿತು. ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ. ಐವತ್ತು ದಾಟಿದ ನನಗೆ ಕಣ್ಣಿಲ್ಲದವರೊಬ್ಬರನ್ನು ಹತ್ತು ಹೆಜ್ಜೆ ನಡೆಸುವ ರೀತಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ನಾಚಿಕೆಗೆ ಇನ್ನೂ ಒಂದು ಕಾರಣವಿತ್ತು. ನಮ್ಮದು ಗದಗ ಜಿಲ್ಲೆ. ಪಂಚಾಕ್ಷರ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಮರೆಯಾಗುವವರೆಗೂ ಸಲಹಿದ ವೀರೇಶ್ವರ ಪುಣ್ಯಾಶ್ರಮ ಇರುವ ನೆಲ. ಆ ಇಬ್ಬರೂ ಸ್ವತಃ ಅಂಧರು. ಅನ್ನ ಹಾಕಿ ಸುಮ್ಮನಾಗದೆ, ಹಾರ್ಮೋನಿಯಂ, ತಬಲಾ, ಪಿಟೀಲು ಕೊಟ್ಟು ಕಣ್ಣಿಲ್ಲದ ಮಕ್ಕಳಿಗೆ ದುಡಿಯುವ ವಿದ್ಯೆ ಕಲಿಸಿದರು. ಅದೇ ಹೊಳೆಆಲೂರಿನಲ್ಲಿ ಜ್ಞಾನಸಿಂಧು ಅಂಧರ ವಸತಿ ಶಾಲೆ ಇದೆ; ಅಲ್ಲಿನ ಮಕ್ಕಳು ಮಲ್ಲಕಂಬ ಏರುತ್ತಾರೆ. ಕಣ್ಣಿದ್ದ ನಮಗೆ ಕೆಳಗೆ ನಿಂತು ನೋಡಿದರೇ ತಲೆ ತಿರುಗುತ್ತದೆ. ಅಂದರೆ ನಮ್ಮ ಭಾಗದಲ್ಲಿ ಅಂಗವಿಕಲರಿಗೆ ಕಲಿಸುವ ಪರಂಪರೆ ಗಟ್ಟಿಯಾಗಿಯೇ ಇದೆ. ಅವರ ಜೊತೆಗಿರುವವರಿಗೆ ಕಲಿಸುವ ಪರಂಪರೆ ಮಾತ್ರ ಬೆಳೆಯಲಿಲ್ಲ. ಮಗುವಿನ ಆರೈಕೆ ತಾಯಿಗೆ ತಾನಾಗಿಯೇ ಬರುತ್ತದೆ, ಸೇವೆಗೆ ಒಳ್ಳೆಯ ಮನಸ್ಸಿದ್ದರೆ ಸಾಕು ಎಂದುಕೊಂಡು ಕೂತೆವು.

ಮನಸ್ಸಿದ್ದರೆ ಸಾಲದು. ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋದವರನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವ ಕೆಲಸವನ್ನೇ ನೋಡಿ. ಕುರ್ಚಿ ಮಂಚಕ್ಕೆ ಓರೆಯಾಗಿ, ಅವರಿಗೆ ಶಕ್ತಿ ಉಳಿದಿರುವ ಬದಿಗೆ ಇರಬೇಕು. ಬ್ರೇಕ್ ಬಿದ್ದಿರಬೇಕು. ಪಾದ ಇಡುವ ತಟ್ಟೆಗಳನ್ನು ಮೇಲಕ್ಕೆ ಮಡಚಿರಬೇಕು, ಇಲ್ಲದಿದ್ದರೆ ಮೀನಗಂಡ ಸೀಳುತ್ತದೆ. ಅವರ ಎರಡೂ ಪಾದ ನೆಲಕ್ಕೆ ಊರಿರಬೇಕು. ಎತ್ತುವವರು ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಬೇಕು. ನಾವೆಲ್ಲ ಮಾಡುವಂತೆ ಕಂಕುಳಿಗೆ ಕೈ ತೂರಿಸಿ ಜಗ್ಗಬಾರದು. ಸತ್ವ ಕಳೆದುಕೊಂಡ ಭುಜದ ಕೀಲು ಜಾರಿ ಜೀವನಪೂರ್ತಿ ನೋಯಬಹುದು. ಎಲ್ಲಕ್ಕಿಂತ ಮೊದಲು ‘ಈಗ ಎತ್ತತೀನ್ರಿ’ ಎಂದು ಅವರಿಗೆ ಹೇಳಬೇಕು. ಎಪಿಎಂಸಿಯಲ್ಲಿ ಚೀಲ ಎತ್ತುವ ಹಮಾಲನಿಗೂ ಒಂದು ಕಸಬು ಇದೆ, ಹಿರಿಯ ಹಮಾಲನಿಂದ ಅದನ್ನು ಕಲಿತಿರುತ್ತಾನೆ. ಚೀಲವನ್ನು ತಪ್ಪಾಗಿ ಎತ್ತಿದರೆ ಚೀಲಕ್ಕೇನೂ ನೋವಾಗುವುದಿಲ್ಲ.

ಊಟ ಮಾಡಿಸುವುದೂ ಹಾಗೆಯೇ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಒಳಲೆಯಿಂದ ಹಾಲು ಹುಯ್ಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮಗು ಕೆಮ್ಮುತ್ತದೆ, ತಾಯಿ ನೆತ್ತಿ ತಟ್ಟುತ್ತಾಳೆ. ಆ ಹಾಲು ಹೊಟ್ಟೆಗೆ ಹೋಗದೆ ಉಸಿರಿನ ದಾರಿ ಹಿಡಿದರೆ ಪುಪ್ಪುಸಕ್ಕೆ ಇಳಿಯುತ್ತದೆ. ಪದೇ ಪದೇ ನ್ಯುಮೋನಿಯಾ ಬರುವುದು ಅನೇಕ ಸಲ ಹೀಗೆಯೇ. ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಗದ್ದ ತುಸು ಎದೆಯತ್ತ ಬಾಗಿಸಿ, ಅರ್ಧ ಚಮಚೆ ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನದು ಕೊಡಬೇಕು. ಇದನ್ನು ಆ ತಾಯಿಗೆ ಯಾರೂ ಹೇಳಿಲ್ಲ. ಅವಳದೇನು ತಪ್ಪು?

ತಾಯಿಯ ದಿನವನ್ನೂ ನೋಡಬೇಕು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಅಂದಿನ ಕೂಲಿಯೂ ನಿಂತಿತು. ಒಳಕೋಣೆಯಲ್ಲಿ ಮಲಗಿರುವ ಮಗನ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನರಗುಂದದ ಎರೆಹೊಲದಲ್ಲಿ ಹೆಸರ ಬುಡ್ಡಿ ಬಿಡಿಸುವ ದಿನಗಳಲ್ಲಿ ಮಳೆ ಬರುವುದರೊಳಗೆ ಫಸಲು ಮನೆ ಸೇರಬೇಕು. ಮನೆಯಲ್ಲಿ ಬುದ್ಧಿ ಬೆಳೆಯದ ಮಗಳು ಇದ್ದರೆ ಹೊರಗಿನಿಂದ ಚಿಲಕ ಬೀಳುತ್ತದೆ. ಕಲ್ಲು ಮನಸ್ಸಿನವರು ಹಾಕುವ ಚಿಲಕವಲ್ಲ ಅದು. ದಿನಕ್ಕೆ ಮೂರು ತಾಸು ಬಂದು ಕೂರುವ, ಕೆಲಸ ಗೊತ್ತಿರುವ ಒಬ್ಬರು ಆ ಓಣಿಯಲ್ಲಿ ಇದ್ದಿದ್ದರೆ ಅದು ಬೀಳುತ್ತಿರಲಿಲ್ಲ.

ಹಾಗಂತ ಕರ್ನಾಟಕದಲ್ಲಿ ಈ ಕೆಲಸಕ್ಕೆ ಜನವೇ ಇಲ್ಲ ಎನ್ನುವಂತಿಲ್ಲ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ಎಷ್ಟೋ ವರ್ಷಗಳಿಂದ ಇದೆ. ಊರವರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಬಹುತೇಕರು ತಾವೂ ಅಂಗವಿಕಲರೇ. ಈ ಯೋಜನೆಯ ಚೆಂದ ಇರುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ: ಊರುಗೋಲು ಹಿಡಿದವರೇ ಮನೆ ಬಾಗಿಲಿಗೆ ಬಂದಾಗ ಒಳಗಿನವರು ಮಗುವನ್ನು ಮುಚ್ಚಿಡುವುದಿಲ್ಲ. ಆದರೆ ಅವರ ದಿನ ಕಳೆಯುವುದು ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡು, ಮಾಸಾಶನ, ಬಸ್ ಪಾಸು, ಅಂಗವಿಕಲರಿಗೆಂದು ಮೀಸಲಾದ ಪಂಚಾಯಿತಿಯ ಶೇ 5ರ ಅನುದಾನ, ವೈದ್ಯಕೀಯ ಶಿಬಿರಕ್ಕೆ ಜನ ಕರೆದೊಯ್ಯುವುದು, ಸಮೀಕ್ಷೆಯ ಮೇಲೆ ಸಮೀಕ್ಷೆ ಇವುಗಳಲ್ಲಿ. ಇವೆಲ್ಲ ಬೇಕಾದ ಕೆಲಸಗಳೇ. ‘ಮಂದಿನ್ನ ಎತ್ತಿ ಕುಂದ್ರಸೂದು ನಿಮಗ ಕಲಿಸ್ಯಾರೇನ್ರಿ?’ ಎಂದು ಒಬ್ಬರನ್ನು ಕೇಳಿದೆ. ಅವರು ನಕ್ಕು, ‘ಫಾರಂ ತುಂಬೂದು ಬರತೈತ್ರಿ ಸರ’ ಎಂದರು. ಅವರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ಗೌರವಧನ ಎನ್ನುತ್ತಾರೆ.

ಹೆಸರಿಡುವುದರಲ್ಲಿ ನಾವು ಯಾವತ್ತೂ ಚುರುಕು. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು, ದಿವ್ಯಾಂಗರೂ ಆದರು. ಪ್ರತಿ ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ವೇದಿಕೆ, ಶಾಲು, ತ್ರಿಚಕ್ರ ವಾಹನದ ಕೀಲಿ ಕೈಗಿಡುವ ಫೋಟೊ. ಆ ವೇದಿಕೆಗೆ ಇಳಿಜಾರು ಇರುವುದಿಲ್ಲ, ಅದು ಬೇರೆ ಮಾತು.

ಕಾನೂನು ಮಾತ್ರ ಮುಂದೆ ಹೋಗಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯವಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ, ಪಾರ್ಕಿನ್ಸನ್, ಕುಡಗೋಲು ಕಣ ರೋಗ, ಆ್ಯಸಿಡ್ ದಾಳಿಗೆ ತುತ್ತಾದವರು ಎಲ್ಲ ಸೇರಿದರು. ಹೆಚ್ಚಿನ ನೆರವು ಬೇಕಾದವರು ಅದನ್ನು ಕೇಳಿ ಪಡೆಯಬಹುದು ಎಂದೂ ಬರೆಯಿತು. 2011ರ ಜನಗಣತಿಯಲ್ಲಿ, ಪಟ್ಟಿ ಇಷ್ಟು ಉದ್ದ ಇಲ್ಲದಿದ್ದಾಗಲೇ, ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ನೆರವು ಕೇಳುವ ಹಕ್ಕು ಬಂತು, ಕೊಡುವ ಕೈಗಳನ್ನು ಯಾರು ತಯಾರು ಮಾಡಬೇಕು?

ಅದಕ್ಕೂ ಉತ್ತರ ಹುಡುಕಿದ್ದಾರೆ. ಕೇಂದ್ರದ ಭಾರತೀಯ ಪುನರ್ವಸತಿ ಪರಿಷತ್ತು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಒಂದನ್ನು ರೂಪಿಸಿ, 2021ರ ಮೇ ತಿಂಗಳಲ್ಲಿ ಆರಂಭಿಸಿತು. ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿ ಎಂಬ ಭಾರದ ಹೆಸರು ಅದಕ್ಕೆ. ಕಲಿತು ಬಂದವರನ್ನು ದಿವ್ಯಾಂಗ ಮಿತ್ರ ಎಂದು ಕರೆದರು. ಆಶಾ, ಅಂಗನವಾಡಿ ಕಾರ್ಯಕರ್ತೆಯರ ಜೊತೆಜೊತೆಗೆ ಊರಿನಲ್ಲೇ ಕೆಲಸ ಮಾಡಬೇಕಾದ ಪಡೆ. ಕೋರ್ಸನ್ನು ಉದ್ಘಾಟಿಸಿದವರು ಅಂದಿನ ಕೇಂದ್ರ ಸಚಿವ ಥಾವರಚಂದ್ ಗೆಹ್ಲೋಟ್. ಅದಾದ ಎರಡೇ ತಿಂಗಳಿಗೆ ಅವರು ನಮ್ಮ ರಾಜ್ಯಪಾಲರಾಗಿ ಬೆಂಗಳೂರಿಗೆ ಬಂದರು. ಕೋರ್ಸು ಮಾತ್ರ ಅವರ ಜೊತೆ ಕನ್ನಡಕ್ಕೆ ಬರಲಿಲ್ಲ. ಮೊದಲಿಗೆ ಅದನ್ನು ಕಲಿಸಲು ಘೋಷಿಸಿದ ಭಾಷೆಗಳು ಇಂಗ್ಲಿಷ್, ಹಿಂದಿಯ ಜೊತೆಗೆ ಗುಜರಾತಿ, ಮರಾಠಿ, ಒಡಿಯಾ, ಬಂಗಾಳಿ, ತೆಲುಗು, ತಮಿಳು ಮತ್ತು ಗಾರೊ. ಮೇಘಾಲಯದ ಗಾರೊ ಬೆಟ್ಟದ ಮಕ್ಕಳಿಗೆ ಅವರ ಮಾತಿನಲ್ಲೇ ಪಾಠ ಸಿಕ್ಕಿದ್ದು ಸಂತೋಷ, ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಆದರೆ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದ ನರೇಗಲ್ಲಿನ ಹುಡುಗಿಗೆ ಮೈ ಉಜ್ಜುವುದನ್ನು, ಮಗ್ಗುಲು ತಿರುಗಿಸುವುದನ್ನು ಇಂಗ್ಲಿಷಿನಲ್ಲಿ ಕಲಿಸುವುದೆಂದರೆ ಏನರ್ಥ? ಮುಂದೆ ಅವಳು ಅದನ್ನು ಮಾಡುವುದು ‘ಯವ್ವಾ, ಈ ಕಡಿ ಹೊಳ್ರಿ’ ಎನ್ನುವ ಮಾತಿನಲ್ಲಿಯೇ ತಾನೆ.

ಮೆಲ್ಬರ್ನ್‌ನ ಮಾತು ಬಂದದ್ದರಿಂದ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ 2013ರಿಂದ ರಾಷ್ಟ್ರೀಯ ಅಂಗವೈಕಲ್ಯ ವಿಮೆ ಎಂಬ ಯೋಜನೆ ನಡೆಯುತ್ತಿದೆ. ನೆರವಿನ ಹಣ ಸಂಸ್ಥೆಗಲ್ಲ, ಅಂಗವಿಕಲರ ಹೆಸರಿಗೇ ಮಂಜೂರಾಗುತ್ತದೆ; ಸಹಾಯಕರನ್ನು ಆರಿಸಿಕೊಳ್ಳುವವರು ಅವರೇ. ಹೀಗಾಗಿ ಅಲ್ಲಿ ಸಪೋರ್ಟ್ ವರ್ಕರ್ ಎಂಬುದು ಎಲೆಕ್ಟ್ರಿಷಿಯನ್, ಪ್ಲಂಬರ್‌ನಂತೆ ಒಂದು ಕಸಬು. ಅದಕ್ಕೆ ಓದುವ ಸರ್ಟಿಫಿಕೇಟ್ ಕೋರ್ಸಿನಲ್ಲಿ ಕನಿಷ್ಠ 120 ಗಂಟೆ ನಿಜವಾದ ಮನೆ, ನಿಜವಾದ ಕೇಂದ್ರದಲ್ಲಿ ಕೆಲಸ ಮಾಡಿ ತೋರಿಸಬೇಕು. ಎಂಬಿಎ, ಎಂಎಸ್ ಓದಲು ಹೋದ ನಮ್ಮ ಹುಡುಗರು ಶುಲ್ಕ ಹೊಂದಿಸಲು ಸಂಜೆ ಹೊತ್ತು ಇದೇ ಕೆಲಸ ಮಾಡುತ್ತಾರೆ. ಅಲ್ಲಿ ಯಾರದೋ ಅಜ್ಜನಿಗೆ ಸ್ನಾನ ಮಾಡಿಸಿ ಡಾಲರ್ ಪಡೆಯುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇಲ್ಲಿ ಅದೇ ಕೆಲಸಕ್ಕೆ ಹೋದರೆ ‘ಆಯಾ ಆದ್ಳು’ ಎಂದು ಕನ್ಯೆ ನೋಡಲು ಬಂದವರು ಎದ್ದು ಹೋಗುತ್ತಾರೆ.

ಹಣವಂತ ದೇಶದ ಲೆಕ್ಕ ನಮಗೆ ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನಮಗೆ ಬೇಕಿರುವುದು ದೊಡ್ಡ ಕಟ್ಟಡವಲ್ಲ. ಒಂದು ಹಳೆಯ ಮಂಚ, ಎರಡು ಗಾಲಿಕುರ್ಚಿ, ಒಂದು ಬಿಳಿ ಕೋಲು, ಸಂಜ್ಞಾ ಭಾಷೆ ಬಲ್ಲ ಒಬ್ಬ ಶಿಕ್ಷಕ, ವಾರಕ್ಕೆರಡು ದಿನ ಬರುವ ಫಿಜಿಯೋಥೆರಪಿಸ್ಟ್. ರೋಣದ ಯಾವುದೋ ಐಟಿಐನ ಖಾಲಿ ಕೋಣೆಯೂ ಆದೀತು. ರೋಣ, ಗಜೇಂದ್ರಗಡ, ನರಗುಂದ ಮೂರೂ ತಾಲೂಕಿನ ವಿಆರ್‌ಡಬ್ಲ್ಯುಗಳೇ ಮೊದಲ ಬ್ಯಾಚು. ಜೊತೆಗೆ ಮನೆಯಲ್ಲೇ ಇಪ್ಪತ್ತು ವರ್ಷ ಈ ಕೆಲಸ ಮಾಡಿ ಕೈ ಪಳಗಿದ ತಾಯಂದಿರು. ಅವರಿಗೆ ಸರ್ಟಿಫಿಕೇಟ್ ಕೊಡುವ ಮೊದಲು ಅವರಿಂದ ಕಲಿಯುವುದೂ ಇದೆ. ಮತ್ತೆ ಪಾಠ ಹೇಳುವವರ ಸಾಲಿನಲ್ಲಿ ಅಂಗವಿಕಲರು ಇರಲೇಬೇಕು. ನನಗೆ ಪಾಠ ಹೇಳಿದ್ದು ಅಂಥ ಹುಡುಗನೇ, ಅದಕ್ಕೆ ಅವನು ತೆಗೆದುಕೊಂಡದ್ದು ಅರ್ಧ ನಿಮಿಷ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದೇ ಮಾತು. ಬೆನ್ನುಹುಣ್ಣು ಕೊಳೆತ ಮೇಲೆ ಹುಬ್ಬಳ್ಳಿಗೆ ಹೊತ್ತೊಯ್ಯುವ ಖರ್ಚನ್ನು ಈಗ ಬಡವರು ಸಾಲ ಮಾಡಿ ಕೊಡುತ್ತಿದ್ದಾರೆ. ಆ ಲೆಕ್ಕ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ.

ರೋಣ, ನರಗುಂದ ಕ್ಷೇತ್ರಗಳ ಶಾಸಕರಲ್ಲಿ, ಗದಗಿನ ಜಿಲ್ಲಾಡಳಿತದಲ್ಲಿ ನನ್ನ ಕೇಳಿಕೆ ಇಷ್ಟೇ: ಆ ಆರು ತಿಂಗಳ ಕೋರ್ಸಿನ ಪುಸ್ತಕವನ್ನು ಕನ್ನಡದಲ್ಲಿ ತರಿಸಿ, ತರಗತಿಯನ್ನು ನಮ್ಮ ಈ ಮೂರು ಊರುಗಳಲ್ಲಿ ಒಂದರಲ್ಲಿ ಶುರು ಮಾಡಿಸಿ, ಮುಗಿಸಿದವರಿಗೆ ಸಂಬಳ ಎಂದು ಬರೆದು ಸಂಬಳ ಕೊಡಿಸಿ. ಓದುಗರಲ್ಲಿ ಇನ್ನೂ ಚಿಕ್ಕದು. ಬಸ್ ನಿಲ್ದಾಣದಲ್ಲಿ ಬಿಳಿ ಕೋಲು ಕಂಡರೆ ಓಡಿಹೋಗಿ ರಟ್ಟೆ ಹಿಡಿಯಬೇಡಿ. ‘ಏನ್ ಮಾಡ್ಲಿ?’ ಎಂದು ಮೊದಲು ಕೇಳಿ.