ಅಗಲಿದವರ ಹೆಸರು, ಹುಟ್ಟಿದ ಕೂಸು

ಅಗಲಿದ ಹಿರಿಯರ ಹೆಸರನ್ನು ಮನೆಯಲ್ಲಿ ಹುಟ್ಟಿದ ಕೂಸಿಗೆ ಇಡುವುದು ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಜಾತಿಮತಗಳ ಎಲ್ಲೆ ಮೀರಿ ನಡೆದುಬಂದ ವಾಡಿಕೆ. ಮಾವನ ಹೆಸರನ್ನು ಸೊಸೆ ನಾಲಿಗೆಗೆ ತರಬಾರದೆಂಬ ಕಟ್ಟಳೆಯಿದ್ದ ಮನೆಗಳಲ್ಲಿ ಆ ಕೂಸು ‘ಮುತ್ಯಾ’ ಎಂದೇ ಕರೆಸಿಕೊಳ್ಳುತ್ತಿತ್ತು. ತೊಟ್ಟಿಲಲ್ಲಿ ಮಲಗಿದ ಮೂರು ತಿಂಗಳ ಮುತ್ಯಾನನ್ನು ಕಂಡು ನಗುವವರೂ ಇದ್ದರು, ಕಣ್ಣೊರೆಸಿಕೊಳ್ಳುವವರೂ ಇದ್ದರು. ಊರೇ ಹೀಗೆ ಮಾಡಿದೆಯಲ್ಲ! ಚಾಲುಕ್ಯರ ಕಲ್ಯಾಣವು ಸ್ವಾತಂತ್ರ್ಯಾನಂತರ ಬಸವಣ್ಣನವರ ಹೆಸರನ್ನು ಹೊತ್ತು ಬಸವಕಲ್ಯಾಣವಾಯಿತು.

ತುಂಬು ಬಾಳನ್ನು ಬಾಳಿ ಹೋದವರ ಹೆಸರಿನ ಬಗ್ಗೆ ತಕರಾರಿಲ್ಲ. ಪ್ರಶ್ನೆ ಏಳುವುದು ಅಕಾಲದಲ್ಲಿ ಹೋದವರ ವಿಷಯದಲ್ಲಿ. ಮೊದಲ ಕೂಸನ್ನು ಮಣ್ಣಿಗೆ ಒಪ್ಪಿಸಿದ ತಾಯಿಯ ಮಡಿಲಿಗೆ ಇನ್ನೊಂದು ಬಂದಾಗ, ‘ಹೋದವನೇ ತಿರುಗಿ ಬಂದಾನ, ಅದೇ ಹೆಸರಿಡ್ರಿ’ ಎನ್ನುವ ಹಿರಿಯರುಂಟು. ಅವರ ಉದ್ದೇಶ ಸಾಂತ್ವನವೇ. ಆದರೆ ಆ ಸಾಂತ್ವನದ ಬೆಲೆಯನ್ನು ತೆರಬೇಕಾದವರು ಯಾರು?

ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು, ಹಾಲೆಂಡಿನ ಒಬ್ಬ ಪಾದ್ರಿಯ ಮನೆಯಲ್ಲಿ. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ದಿನ, ಅದೇ ಹೆಸರಿನ ಅಣ್ಣ ಜೀವವಿಲ್ಲದೆ ಹುಟ್ಟಿದ್ದ. ತಂದೆಯ ದೇವಾಲಯದ ಅಂಗಳದಲ್ಲಿಯೇ ಆ ಸಮಾಧಿಯಿತ್ತು. ತನ್ನದೇ ಹೆಸರನ್ನು ಸಮಾಧಿಕಲ್ಲಿನ ಮೇಲೆ ಓದಿಕೊಂಡು ಬೆಳೆಯುವುದು ಯಾವ ಮಗುವಿಗೂ ಹಗುರವಾದ ಹೊರೆಯಲ್ಲ. ಅವನ ಮುಂದಿನ ವೇದನೆಗೆಲ್ಲ ಇದೇ ಕಾರಣವೆಂದು ಹೇಳುವುದು ಮಾತ್ರ ಅತಿಯಾದೀತು.

ನಮ್ಮ ಜನಪದರು ಕೆಲವೊಮ್ಮೆ ಇದಕ್ಕೆ ವಿರುದ್ಧವಾದ ಹಾದಿ ಹಿಡಿದರು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪಣ್ಣ’, ‘ತಿಪ್ಪಮ್ಮ’ ಎಂದು ಹೆಸರಿಟ್ಟರು. ಕಸದಂಥದ್ದೆಂದು ಸಾವು ಕಣ್ಣೆತ್ತಿ ನೋಡದಿರಲಿ ಎಂಬ ಆಸೆ ಅವರದು. (ಎಲ್ಲ ತಿಪ್ಪಣ್ಣಂದಿರೂ ಹೀಗೆ ಬಂದವರಲ್ಲ, ತಿಪ್ಪೇರುದ್ರಸ್ವಾಮಿಯ ಭಕ್ತರೂ ಇದ್ದಾರೆ.) ಮೂಢನಂಬಿಕೆ ಎಂದು ತಳ್ಳಿಬಿಡುವ ಮುನ್ನ ಆ ತಾಯಂದಿರ ಭಯವನ್ನು ನೆನೆಯುವುದು ಲೇಸು.

ಪವಿತ್ರ ಗ್ರಂಥ ಈ ವಿಷಯದಲ್ಲಿ ಬಹು ಸೂಕ್ಷ್ಮವಾಗಿದೆ. ಹೇಬೆಲನನ್ನು ಕಳೆದುಕೊಂಡ ಹವ್ವಳು, ಅವನಿಗೆ ಬದಲಾಗಿ ದೇವರು ಇನ್ನೊಬ್ಬನನ್ನು ಕೊಟ್ಟರೆಂದು ಹೇಳುತ್ತಾಳೆ. ಆದರೂ ಆ ಮಗುವಿಗೆ ಸೇತನೆಂಬ ಬೇರೆಯದೇ ಹೆಸರು. ಬೋವಜನು ರೂತಳನ್ನು ವರಿಸುವಾಗ ಸತ್ತವನ ಹೆಸರು ಅವನ ಸ್ವಾಸ್ತ್ಯದಲ್ಲಿ ಉಳಿಯಬೇಕೆಂದು ಹಿರಿಯರ ಮುಂದೆ ನುಡಿಯುತ್ತಾನೆ. ಹೊಲದೊಡನೆ ಹೆಸರು ಉಳಿಯಿತು. ಕೂಸನ್ನು ಮಾತ್ರ ನೆರೆಯ ಹೆಂಗಸರು ಓಬೇದನೆಂದು ಕರೆದರು. ರಾಹೇಲಳು ಪ್ರಾಣ ಬಿಡುತ್ತಾ ಮಗನಿಗೆ ದುಃಖದ ಹೆಸರಿಟ್ಟಳು: ಬೆನೋನಿ. ಸಾಯುವವರ ಕೊನೆಯ ಮಾತನ್ನು ಮೀರುವುದು ಸಣ್ಣ ಸಂಗತಿಯಲ್ಲ, ಆದರೂ ಯಕೋಬನು ಅವನನ್ನು ಬೆನ್ಯಾಮೀನನೆಂದ. ಅವಳ ಸಮಾಧಿಯ ಮೇಲೆ ಕಂಬವನ್ನು ನಿಲ್ಲಿಸಿದವನೂ ಅವನೇ. ದುಃಖಕ್ಕೆ ಒಂದು ಸ್ಥಳ, ಮಗುವಿಗೆ ಇನ್ನೊಂದು.

ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126), ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರನ ವಾದವೂ ಇಲ್ಲಿ ನೆನಪಾಗುತ್ತದೆ. ಪಿತ್ರಾರ್ಜಿತದ ಮೇಲೆ ಮಗನ ಹಕ್ಕು ತಂದೆಯ ಮರಣದಿಂದ ಬರುವುದಲ್ಲ, ಸ್ವಂತ ಜನನದಿಂದಲೇ ಬರುತ್ತದೆ ಎಂದನಾತ. ಅವನ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಈ ಹಕ್ಕಿರಲಿಲ್ಲ. ಹಿಂದೂ ಕಾನೂನಿನಲ್ಲಿ ಅದು ಸಮನಾಗಿ ದೊರೆಯಲು 2005ರವರೆಗೆ ಕಾಯಬೇಕಾಯಿತು. ಆದರೂ ಆಸ್ತಿಗೆ ಹೇಳಿದ ಆ ಮಾತು ಬಾಳಿಗೂ ಸಲ್ಲುತ್ತದೆ. ಮಗು ಮನೆಯಲ್ಲಿ ತನ್ನ ಸ್ಥಾನವನ್ನು ಪಡೆಯಲು ಯಾರ ತೆರವನ್ನೂ ತುಂಬಬೇಕಾಗಿಲ್ಲ.

ಹಾಗಾದರೆ ಹೋದ ಕೂಸನ್ನು ಮರೆಯಬೇಕೇ? ಎಂದಿಗೂ ಅಲ್ಲ. ದೀಕ್ಷಾಸ್ನಾನದಲ್ಲಿ ಉರಿಯುವ ಪಾಸ್ಖ ದೀಪವೇ ಶವಪೆಟ್ಟಿಗೆಯ ಬಳಿಯೂ ಉರಿಯುತ್ತದೆ. ನವೆಂಬರ್ 2ರಂದು ಸಮಾಧಿಗೆ ಹೋಗುವಾಗ ಚಿಕ್ಕವರನ್ನೂ ಕರೆದೊಯ್ಯಿರಿ. ‘ನಿನಗೊಬ್ಬಳು ಅಕ್ಕ ಇದ್ದಳು, ಅವಳ ಹೆಸರು ಹೀಗೆ’ ಎಂದು ತಿಳಿಸಿರಿ. ಮನೆಯ ಬೈಬಲಿನ ಮೊದಲ ಪುಟದಲ್ಲಿ ಆ ಹೆಸರಿಗೂ ಒಂದು ಸಾಲಿರಲಿ. ಬಸ್ಸಿನಲ್ಲಿ ಪಕ್ಕದವರು ‘ಮಕ್ಕಳು ಎಷ್ಟು?’ ಎಂದು ಕೇಳಿದಾಗ, ಮನೆಯಲ್ಲಿ ಇಬ್ಬರೇ ಇದ್ದರೂ ‘ಮೂವರು’ ಎನ್ನುವ ತಾಯಿಯನ್ನು ತಿದ್ದಲು ಹೋಗಬೇಡಿರಿ.