ಚಿತ್ರದೊಳಗಿನ ಹಸಿರು, ಹೊಲದೊಳಗಿನ ಹರೆಯ

ಸೌಂದರ್ಯವನ್ನು ಮೆಚ್ಚುವುದು ತಪ್ಪಲ್ಲ. ಹಸಿರು ಗದ್ದೆ, ತುಂಬಿ ಹರಿಯುವ ಹೊಳೆ, ಹರೆಯದ ಮುಖ ಯಾರ ಕಣ್ಣಿಗೆ ಹಿತವಲ್ಲ? ಆದರೆ ಮೆಚ್ಚುವವನಿಗೂ ಒಂದು ಹೊಣೆಯಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಚಿತ್ರವೊಂದು ಪ್ರಕೃತಿಯನ್ನೂ ಯೌವನವನ್ನೂ ಅಂದವಾಗಿ ತೋರಿಸುವಾಗ ಕೆಲವನ್ನು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟದ್ದು ನಮ್ಮ ಮನಸ್ಸಿನಿಂದಲೂ ಮರೆಯಾದರೆ ಅದಕ್ಕೆ ಯಾರು ಹೊಣೆ?

18ನೆಯ ಶತಮಾನದ ಫ್ರಾನ್ಸಿನಲ್ಲಿ ಫ್ರಾಂಸ್ವಾ ಬೂಶೆ (1703-1770) ಎಂಬ ಪ್ರಸಿದ್ಧ ಚಿತ್ರಕಾರನಿದ್ದ. ಅವನ ಚಿತ್ರಗಳ ಕುರಿಗಾಹಿಗಳು ರೇಷ್ಮೆ ತೊಟ್ಟವರು. ಅವರ ಕಾಲಿಗೆ ಕೆಸರಿಲ್ಲ, ಮುಖದಲ್ಲಿ ದಣಿವಿಲ್ಲ. ಅರಮನೆಯವರಿಗೆ ಈ ಚಿತ್ರಗಳು ಬಲು ಇಷ್ಟವಾಗಿದ್ದವು. 1783ರಲ್ಲಿ ರಾಣಿ ಮಾರಿ ಆಂತ್ವಾನೆತ್ ವರ್ಸೈ ಅರಮನೆಯ ತೋಟದಲ್ಲಿ ತನ್ನ ವಿಹಾರಕ್ಕೆಂದು ಒಂದು ಹಳ್ಳಿಯನ್ನೇ ಕಟ್ಟಿಸತೊಡಗಿದಳು. 1857ರಲ್ಲಿ ಮಿಲೆ ಎಂಬ ಕಲಾವಿದ, ಕೊಯ್ಲಾದ ಹೊಲದಲ್ಲಿ ಬೆನ್ನು ಬಗ್ಗಿಸಿ ಹಕ್ಕಲಾಯುವ ಮೂವರು ಹೆಂಗಸರನ್ನು ಬರೆದು ಪ್ರದರ್ಶಿಸಿದಾಗ ಅನುಕೂಲಸ್ಥರಿಗೆ ಕಸಿವಿಸಿಯಾಯಿತು. ಹಳ್ಳಿ ಅವರಿಗೆ ಬೇಕಿತ್ತು. ಹಳ್ಳಿಯ ಬೆನ್ನು ನೋವು ಬೇಕಿರಲಿಲ್ಲ.

ಹಾಗಾದರೆ ಅಂದದ ಚಿತ್ರವೆಲ್ಲ ಸುಳ್ಳೇ? ಹಾಗೆ ತೀರ್ಪು ಕೊಡುವುದು ಅವಸರವಾದೀತು. ನಮ್ಮದೇ ದಖ್ಖನಿನ ರಾಗಮಾಲಾ ಚಿತ್ರಗಳನ್ನು ನೋಡಿ. ತೋಡಿ ರಾಗಿಣಿಯ ಚಿತ್ರದಲ್ಲಿ ತರುಣಿಯೊಬ್ಬಳು ವೀಣೆ ಹಿಡಿದಿರುತ್ತಾಳೆ, ನಾದಕ್ಕೆ ಸೋತ ಜಿಂಕೆಗಳು ಬಳಿಗೆ ಬಂದಿರುತ್ತವೆ. ಅವಳು ಹೊಲದ ಆಳಾಗಿ ನಟಿಸುವುದಿಲ್ಲ. ಅವಳು ಒಂದು ರಾಗದ, ವಿರಹದ ರೂಪ. ತಾನು ಕಲ್ಪನೆಯೆಂದು ಒಪ್ಪಿಕೊಂಡ ಚಿತ್ರ ಯಾರಿಗೂ ಮೋಸ ಮಾಡುವುದಿಲ್ಲ.

ಇದೇ ದಖ್ಖನಿನ ಇನ್ನೊಂದು ಕೃತಿ ಮತ್ತೂ ಆಳಕ್ಕೆ ಹೋಗುತ್ತದೆ. ರಾಯಚೂರು ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿದ್ದಾಗ, 1590ರ ಸುಮಾರಿಗೆ, ಎರಡನೆಯ ಇಬ್ರಾಹೀಮನ ಕಾಲದಲ್ಲಿ ‘ಪೇಮ್ ನೇಮ್’ ಎಂಬ ದಖ್ಖನಿ ಪ್ರೇಮಕಾವ್ಯ ರಚಿತವಾಯಿತು. ಅದರ 34 ಚಿತ್ರಗಳಿರುವ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಚಿತ್ರಗಳಲ್ಲಿ ನಾಯಕನ ಎದೆಯ ಮೇಲೆ ಪ್ರಿಯತಮೆಯ ಮುಖವನ್ನೇ ಬರೆಯಲಾಗಿದೆ. ಕೊನೆಗೆ ಅವಳು ಎದುರಿಗೆ ಬಂದಾಗ ಅವನು ಅವಳನ್ನು ಗುರುತಿಸುವುದಿಲ್ಲ! ತನ್ನ ಎದೆಯಲ್ಲಿರುವುದೇ ನಿಜ, ಎದುರಿಗಿರುವವಳು ಅದರ ಬರೀ ಪ್ರತಿಬಿಂಬ ಎಂದು ಭಾವಿಸಿ ಹೊರಟುಹೋಗುತ್ತಾನೆ. ವಿರಹದ ಋತುಗಳನ್ನು ಅವಳು ಒಬ್ಬಳೇ ಕಳೆಯುತ್ತಾಳೆ. ಆಮೇಲಷ್ಟೇ ಅವನಿಗೆ ಸತ್ಯ ತಿಳಿದು ಇಬ್ಬರೂ ಒಂದಾಗುತ್ತಾರೆ.

ನಾಲ್ಕು ಶತಮಾನಗಳ ಹಿಂದಿನ ಈ ಕಥೆ ನಮ್ಮದೂ ಹೌದಲ್ಲವೇ? ಬಿಂಬವನ್ನು ಪ್ರೀತಿಸಿ ಮನುಷ್ಯರನ್ನು ಕಾಣದೆ ಹೋಗುವ ರೋಗ ನಮ್ಮನ್ನು ಬಿಟ್ಟಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೊಂಟದ ಮೇಲೆ ಕೊಡವಿಟ್ಟು ನಗುವ ಹಳ್ಳಿಯ ಹುಡುಗಿಯನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟು ನೀರಿಗಾಗಿ ಅವಳು ಎಷ್ಟು ದೂರ ನಡೆದಳು ಎಂದು ಚಿತ್ರ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಇಂದು ಮದುವೆಗೆ ಮುಂಚಿನ ಫೋಟೋಗಳಿಗೆ ಭತ್ತದ ಗದ್ದೆ, ಸೂರ್ಯಕಾಂತಿ ಹೊಲ ಹಿನ್ನೆಲೆಯಾಗುತ್ತಿವೆ. ಚೌಕಟ್ಟಿನಲ್ಲಿ ಕೂಲಿಯವರು ಬಂದರೆ ‘ಸ್ವಲ್ಪ ಆಚೆ ಸರೀರಿ’ ಎನ್ನುತ್ತೇವೆ.

ಮಾನ್ವಿಯ ಹಸಿರು ತುಂಗಭದ್ರಾ ಎಡದಂಡೆ ಕಾಲುವೆಯ ಹಸಿರು. ಕಾಲುವೆಯ ಕೊನೆಭಾಗದ ರೈತ ನೀರಿಗಾಗಿ ಕಾಯುತ್ತಲೇ ಇರುತ್ತಾನೆ. ಆ ಗದ್ದೆಯಲ್ಲಿ ನಾಟಿ ಮಾಡುವವರು, ಕಳೆ ಕೀಳುವವರು, ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುವವರು ಹೆಚ್ಚಾಗಿ ಹೆಂಗಸರು. ದೇವದುರ್ಗವನ್ನು 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿಂದ ಗುಳೆ ಹೋಗುವ ಕುಟುಂಬಗಳ ಜೊತೆ ಹರೆಯದ ಮಕ್ಕಳೂ ಹೋಗುತ್ತಾರೆ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ದುಡಿಯುವವಳ ಯೌವನ ಚಿತ್ರದ ಯೌವನದಂತೆ ನಿಂತಿರುವುದಿಲ್ಲ, ಬೇಗನೆ ಕರಗಿಹೋಗುತ್ತದೆ.

‘ಕಲೆ ಸರಕಾರಿ ವರದಿಯಲ್ಲ, ದಣಿದವನಿಗೂ ಗೋಡೆಯ ಮೇಲೊಂದು ಚೆಂದದ ಚಿತ್ರ ಬೇಕಲ್ಲ’ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ಬಡವರಿಗೆ ಸೌಂದರ್ಯಪ್ರಜ್ಞೆ ಇಲ್ಲವೆನ್ನುವುದೂ ಒಂದು ಅಹಂಕಾರವೇ. ನಾಟಿ ಮಾಡುತ್ತ ಹಾಡುವವರು ಅವರೇ, ಕೌದಿಗೆ ಬಣ್ಣದ ತುಂಡು ಆರಿಸಿ ಹೊಲಿಯುವವರೂ ಅವರೇ. ಅಲ್ಲಿ ದುಡಿಮೆ ಮತ್ತು ಸೌಂದರ್ಯ ಒಂದೇ ಕೈಯಲ್ಲಿವೆ. ದುಡಿಯುವ ಕೈಯನ್ನು ಅಳಿಸಿ ಅದು ಬೆಳೆದ ಹಸಿರನ್ನು ಮಾತ್ರ ಉಳಿಸಿಕೊಂಡಾಗ ಅನ್ಯಾಯ ಶುರುವಾಗುತ್ತದೆ.

ಆದ್ದರಿಂದ ಅಂದದ ಚಿತ್ರದ ಮುಂದೆ ನಿಂತಾಗ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ಈ ಗದ್ದೆಯನ್ನು ಹಸಿರಾಗಿಸಿದವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು, ಈ ಹುಡುಗಿ ಶಾಲೆಗೆ ಹೋಗುತ್ತಾಳೆಯೇ ಎಂದು ಕೇಳಿದರೆ ಸಾಕು. ಈ ಪ್ರಶ್ನೆಗಳಿಂದ ಚಿತ್ರದ ಚೆಲುವು ಕಡಿಮೆಯಾಗುವುದಿಲ್ಲ, ನೋಡುವವನು ಮಾತ್ರ ಹೆಚ್ಚು ಮನುಷ್ಯನಾಗುತ್ತಾನೆ.